ತಾಯಿ ಕಾರ್ಡಿನೊಳಗೆ ಮಡಚಿಟ್ಟಿದ್ದ ಹಳೇ ರಿಪೋರ್ಟು

ಐದು ತಿಂಗಳ ಗರ್ಭಿಣಿ. ರಾತ್ರಿ ಹೊಕ್ಕುಳ ಸುತ್ತ ಶುರುವಾದ ನೋವು ಬೆಳಗಾಗುವಷ್ಟರಲ್ಲಿ ಬಲಕ್ಕೆ ಇಳಿದಿತ್ತು. "ಗ್ಯಾಸ್ ಇರ್ಬೇಕು ಡಾಕ್ಟ್ರೇ, ನಿನ್ನೆ ಹಲಸಿನ ಹಣ್ಣು ತಿಂದಿದ್ಲು" ಎಂದರು ಅತ್ತೆ. ರಕ್ತದ ರಿಪೋರ್ಟಿನಲ್ಲಿ ಬಿಳಿ ಕಣ 14,200.

ಬೇರೆಯವರಿಗಾದರೆ ಇದು ಸೋಂಕಿನ ಲೆಕ್ಕ. ಬಸುರಿಯರಲ್ಲಿ ಹಾಗೆ ಹೇಳಲಾಗದು. ಏನೂ ಕಾಯಿಲೆಯಿಲ್ಲದೆ 15-16 ಸಾವಿರದವರೆಗೆ ಏರುತ್ತದೆ, ಹೆರಿಗೆ ನೋವಿನಲ್ಲಿ 20 ಸಾವಿರ ದಾಟುವುದೂ ಉಂಟು. ಇದನ್ನೇ ನೆಚ್ಚಿಕೊಂಡು ನಾನೊಮ್ಮೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 13 ಸಾವಿರ ಇದ್ದ ಒಬ್ಬರನ್ನು ಮನೆಗೆ ಕಳಿಸಿದೆ. ಎರಡು ದಿನದ ಮೇಲೆ ಅಪೆಂಡಿಕ್ಸ್ ಒಡೆದು, ಹೊಟ್ಟೆ ತುಂಬ ಕೀವಾಗಿ ಬಂದರು. ತಾಯಿ ಉಳಿದರು, ಮಗು ಉಳಿಯಲಿಲ್ಲ. ಕೇಸ್ ಶೀಟಿನಲ್ಲಿ ನಾನೇ ಬರೆದಿದ್ದ 'ಗರ್ಭಿಣಿಗೆ ಮಾಮೂಲು' ಎಂಬ ಸಾಲು ಈಗಲೂ ಚುಚ್ಚುತ್ತದೆ.

ಹಾಗಾಗಿ ಈಕೆಯ ತಾಯಿ ಕಾರ್ಡ್ ಕೇಳಿದೆ. ಅದರೊಳಗೆ ನಾಲ್ಕು ಮಡಿಕೆಯಾಗಿ, ಅಂಚಿಗೆ ಎಣ್ಣೆ ಹತ್ತಿದ ಮೂರನೇ ತಿಂಗಳ ರಿಪೋರ್ಟ್ ಸಿಕ್ಕಿತು: ಬಿಳಿ ಕಣ 8,900, ಅದರಲ್ಲಿ ಸೋಂಕಿನೊಡನೆ ಮೊದಲು ಹೋರಾಡುವ ಬಗೆಯಾದ ನ್ಯೂಟ್ರೋಫಿಲ್ ಶೇ. 68. ಈಗ ನ್ಯೂಟ್ರೋಫಿಲ್ 86. ಅಪೆಂಡಿಕ್ಸ್ ಊದಿರಬಹುದೆಂಬ ಅನುಮಾನ ಬಲವಾಯಿತು. ಆದರೆ ಉರಿಯೂತವಾದಾಗ ರಕ್ತದಲ್ಲಿ ಏರುವ ಸಿಆರ್‌ಪಿ 11 ಮಾತ್ರ. ಅದು ಏರಲು ಹೊತ್ತು ಬೇಕು, ನೋವು ಶುರುವಾದ ಮೊದಲ ಗಂಟೆಗಳಲ್ಲಿ ಕಡಿಮೆ ಬಂತೆಂದು ನೆಮ್ಮದಿಪಡುವಂತಿಲ್ಲ. ಮೂತ್ರದಲ್ಲಿ ಒಂದಿಷ್ಟು ಕೀವುಕಣ ಇತ್ತು. ಉರಿಮೂತ್ರವೆಂದು ಮಾತ್ರೆ ಬರೆದು ಕೈತೊಳೆದುಕೊಳ್ಳಲು ಇದೇ ಸಾಕಾಗುತ್ತದೆ. ಊದಿದ ಅಪೆಂಡಿಕ್ಸ್ ಮೂತ್ರನಾಳಕ್ಕೆ ತಾಗಿಕೊಂಡಿದ್ದರೂ ಹೀಗೆ ಬರುತ್ತದೆ.

ಅಲ್ಟ್ರಾಸೌಂಡಿನಲ್ಲಿ ಮಗು ಚೆನ್ನಾಗಿತ್ತು, ಅಪೆಂಡಿಕ್ಸ್ ಕಾಣಲಿಲ್ಲ. ಎಂಆರ್‌ಐ ನಮ್ಮಲ್ಲಿರಲಿಲ್ಲ. ವಾರ್ಡಿನಲ್ಲೇ ಇರಿಸಿಕೊಂಡೆ. ಎಡ ಮಗ್ಗುಲಿಗೆ ಮಲಗಿಸಿ ಮತ್ತೆ ಒತ್ತಿ ನೋಡಿದೆ. ಗರ್ಭಕೋಶ ಎಡಕ್ಕೆ ಸರಿಯಿತು, ನೋವಿನ ಜಾಗ ಸರಿಯಲಿಲ್ಲ; ನೋವು ಗರ್ಭಕೋಶದ್ದಲ್ಲ ಎಂಬುದಕ್ಕೆ ಇದು ಸುಳಿವು. "ಅಲ್ಲೇ, ಅಲ್ಲೇ" ಎಂದು ನನ್ನ ಕೈ ಹಿಡಿದುಕೊಂಡರು.

ಆರು ಗಂಟೆಯ ನಂತರ ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಪರೀಕ್ಷೆ. ಬೇರೆ ಬೇರೆ ಯಂತ್ರಗಳ ಲೆಕ್ಕವನ್ನು ತಾಳೆ ಹಾಕಬಾರದು. ಬಿಳಿ ಕಣ 17,100, ಸಿಆರ್‌ಪಿ 48. ಪ್ರಸೂತಿ ತಜ್ಞೆ, ಅರಿವಳಿಕೆ ವೈದ್ಯರು ಇಬ್ಬರನ್ನೂ ಕರೆಸಿ, ಮನೆಯವರನ್ನು ಕೂರಿಸಿಕೊಂಡು ಹೇಳಿದೆ: ಆಪರೇಷನ್‌ನಿಂದ ಮಗುವಿಗೆ ಅಪಾಯ ಇದ್ದೇ ಇದೆ, ಒಡೆಯುವವರೆಗೆ ಕಾದರೆ ಅದು ಹಲವು ಪಟ್ಟು ಹೆಚ್ಚು. ಅಂದು ಸಂಜೆಯೇ ಅಪೆಂಡಿಕ್ಸ್ ತೆಗೆದೆವು. ಕೆಂಪಗೆ ಬೆರಳು ಗಾತ್ರ ಊದಿತ್ತು, ಒಡೆದಿರಲಿಲ್ಲ.

ಈಗ ಪ್ರತಿ ರಿಪೋರ್ಟಿನ ಪಕ್ಕ ರಕ್ತ ತೆಗೆದ ಗಂಟೆಯನ್ನೂ, ನೋವು ಶುರುವಾಗಿ ಎಷ್ಟು ಹೊತ್ತಾಯಿತೆಂಬುದನ್ನೂ ಬರೆಸುತ್ತೇನೆ. ಬೇರೆ ಆಸ್ಪತ್ರೆಯಿಂದ ಬಂದವರಾದರೆ ಅಲ್ಲಿಗೆ ಫೋನ್ ಮಾಡಿ, ಮಗುವಿನ ಶ್ವಾಸಕೋಶಕ್ಕೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದೀರಾ ಎಂದು ವಿಚಾರಿಸುತ್ತೇನೆ. ಅದೊಂದರಿಂದಲೇ ಬಿಳಿ ಕಣ ಏರಿರಬಹುದು.