ಮಲೆನಾಡಿನ ಮನೆಗೆ ಯಾವ ಫ್ಯಾನ್? ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ವರ್ಗವಾಗಿಯೋ, ಹೊಸ ಕೆಲಸ ಸಿಕ್ಕಿಯೋ, ಮಕ್ಕಳ ಓದಿಗೆಂದೋ ಶಿವಮೊಗ್ಗಕ್ಕೆ ಬರುವ ಕುಟುಂಬಗಳು ಮಾರ್ಚ್ ಬಂದ ಕೂಡಲೇ ನಮ್ಮ ಸಂಘದಲ್ಲಿ ಕೇಳುವುದು ಫ್ಯಾನ್ ವಿಚಾರ. ಬೆಂಗಳೂರಿನಿಂದ ಬಂದವರು "ಮಲೆನಾಡು ತಾನೇ, ಫ್ಯಾನ್ ಯಾಕೆ" ಅಂದುಕೊಂಡಿರುತ್ತಾರೆ. ಬಳ್ಳಾರಿ, ಕಲಬುರಗಿ ಕಡೆಯವರು ಸಾಮಾನಿನ ಜೊತೆ ದೊಡ್ಡ ಕೂಲರನ್ನೂ ಹೇರಿಕೊಂಡು ಬಂದಿರುತ್ತಾರೆ. ಇಬ್ಬರಿಗೂ ನಾವು ಹೇಳುವುದು ಒಂದೇ ಮಾತು: ಅಂಗಡಿಗೆ ಹೋಗುವ ಮೊದಲು ತಲೆ ಎತ್ತಿ ನಿಮ್ಮ ಮನೆಯ ಚಾವಣಿ ನೋಡಿ. ಎಂಥ ಫ್ಯಾನ್ ಬೇಕು ಅನ್ನುವುದನ್ನು ಅರ್ಧಕ್ಕರ್ಧ ಅದೇ ತೀರ್ಮಾನ ಮಾಡುತ್ತದೆ.

ಮೊದಲು ಇಲ್ಲಿಯ ಸೆಕೆಯ ಬಗ್ಗೆ ಎರಡು ಮಾತು. ಮಲೆನಾಡು ಎಲ್ಲ ಕಡೆ ಒಂದೇ ಥರ ಇಲ್ಲ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದಲ್ಲಿ ಮಾರ್ಚ್ ಮತ್ತು ಏಪ್ರಿಲ್‌ನ ಮಧ್ಯಾಹ್ನ ಬಯಲುಸೀಮೆಯ ಹಾಗೇ ಸುಡುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಗಲು ಬಿಸಿಲಿದ್ದರೂ ಕತ್ತಲಾದ ಮೇಲೆ ಕಾಡು, ತೋಟದ ಕಡೆಯಿಂದ ತಂಪು ಇಳಿಯುತ್ತದೆ. ಅಶ್ವಿನಿ, ಭರಣಿ ಮಳೆ ಶುರುವಾಗುವ ಹೊತ್ತಿಗೆ ಸೆಕೆಯ ಸ್ವಭಾವವೇ ಬದಲಾಗುತ್ತದೆ. ಬಿಸಿಲು ಅಷ್ಟೇನೂ ಇಲ್ಲದಿದ್ದರೂ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ನೀರಿನ ಅಂಶ ಜಾಸ್ತಿಯಾಗಿ ಬೆವರು ಆರುವುದಿಲ್ಲ. ಫ್ಯಾನ್ ನಿಜವಾಗಿ ಬೇಕಾಗುವುದು ಆಗಲೇ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸಿ ನಮ್ಮನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿದರೆ ಕರೆಂಟು ಸುಮ್ನೆ ದಂಡ.

ಚಾವಣಿ ನೋಡುವುದು ಹೇಗೆ

ವಿನೋಬನಗರ, ಗೋಪಾಳ, ಜಯನಗರದಂಥ ಬಡಾವಣೆಗಳಲ್ಲಿ ನಿಮಗೆ ಸಿಗುವುದು ಬಹುಪಾಲು ಆರ್‌ಸಿಸಿ ಮನೆ. ಕೆಳಗಿನ ಮಹಡಿಯಾದರೆ ಅಷ್ಟು ತೊಂದರೆಯಿಲ್ಲ. ಮೇಲಿನ ಮಹಡಿಯಾದರೆ ಟೆರೇಸ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಪೂರ್ತಿ ಕೆಳಗೆ ಬಿಡುತ್ತದೆ. ಒಂಬತ್ತು ಗಂಟೆಗೆ ಫ್ಯಾನ್ ಹಾಕಿದರೆ ಚಾವಣಿಯ ಕೆಳಗೆ ನಿಂತ ಬಿಸಿ ಗಾಳಿಯೇ ಹಾಸಿಗೆಗೆ ಬರುತ್ತದೆ. ಇಂಥ ಮನೆಗೆ ಎಷ್ಟು ದುಬಾರಿಯ ಸೀಲಿಂಗ್ ಫ್ಯಾನ್ ತಂದರೂ ಅದೊಂದರಿಂದ ಆಗುವುದಿಲ್ಲ. ಒಂದು ಟೇಬಲ್ ಫ್ಯಾನ್ ಕೂಡ ಬೇಕು. ಸಂಜೆ ಹೊರಗೆ ತಂಪಾದ ಮೇಲೆ ಅದನ್ನು ಕಿಟಕಿಯ ಹತ್ತಿರ ಒಳಮುಖವಾಗಿ ಇಟ್ಟು, ಎದುರು ಕಡೆಯ ಕಿಟಕಿಯನ್ನೋ ಬಾಗಿಲನ್ನೋ ತೆರೆದಿಡಿ. ಒಳಗಿನ ಬಿಸಿ ಹೊರಗೆ ಹೋದ ಮೇಲೆ ಸೀಲಿಂಗ್ ಫ್ಯಾನ್ ಹಾಕಿ ಮಲಗಿ. ಕಿಟಕಿಗೆ ಸೊಳ್ಳೆ ಪರದೆ ಮೊದಲೇ ಹೊಡೆಸಿರಬೇಕು, ಇಲ್ಲದಿದ್ದರೆ ತಂಪಿನ ಜೊತೆ ಸೊಳ್ಳೆಯೂ ಬರುತ್ತದೆ. ಮನೆ ಮಾಲೀಕರು ಒಪ್ಪಿದರೆ ಟೆರೇಸಿಗೆ ಬಿಳಿ ಸುಣ್ಣ ಬಳಿಸಿ. ಅದರ ಖರ್ಚು ಕಡಿಮೆ, ಕೆಳಗಿನ ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಹಳೆಯ ಹೆಂಚಿನ ಮನೆ ಸಿಕ್ಕಿದರೆ ನಿಮ್ಮ ಅದೃಷ್ಟ ಅಂತಲೇ ನಾವು ಹೇಳುತ್ತೇವೆ. ಹೆಂಚುಗಳ ಸಂದಿಯಿಂದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ರಾತ್ರಿ ಮನೆ ಬೇಗ ತಣಿಯುತ್ತದೆ. ಆದರೆ ಅಲ್ಲಿ ಫ್ಯಾನ್ ತೂಗುಹಾಕುವುದೇ ಒಂದು ಕೆಲಸ. ಹೆಂಚಿನ ಕೆಳಗಿನ ಸಣ್ಣ ಮರಗಳಾದ ಪಕಾಸಿಗೆ, ರೀಪಿಗೆ ಫ್ಯಾನ್ ಕಟ್ಟಲೇಬಾರದು. ತೊಲೆಗೇ ಕಟ್ಟಬೇಕು. ಅದೂ ಗೆದ್ದಲು ಹಿಡಿಯದ ತೊಲೆ. ಇಲ್ಲಿಯ ಅನುಭವಿ ಎಲೆಕ್ಟ್ರಿಷಿಯನ್‌ಗಳು ಏಣಿ ಹತ್ತಿದ ಕೂಡಲೇ ಕಟಿಂಗ್ ಪ್ಲೇಯರಿನ ಹಿಡಿಯಿಂದ ತೊಲೆಯನ್ನು ಎರಡು ಮೂರು ಕಡೆ ಕುಟ್ಟುತ್ತಾರೆ. ಗಟ್ಟಿ ಸದ್ದು ಬಂದರೆ ಸರಿ, ಪೊಳ್ಳು ಸದ್ದು ಬಂದರೆ ಇಳಿದುಬಿಡುತ್ತಾರೆ. ಕೊಕ್ಕೆ ಹಾಕಿದ ಮೇಲೆ ಅದಕ್ಕೊಂದು ಹಗ್ಗ ಬಿಗಿದು ತಾವೇ ಜೋತುಬಿದ್ದು ನೋಡುತ್ತಾರೆ. ಒಬ್ಬ ಮನುಷ್ಯನ ಭಾರ ತಡೆದ ಕೊಕ್ಕೆ ತಿರುಗುವ ಫ್ಯಾನನ್ನೂ ತಡೆಯುತ್ತದೆ. ನಿಮ್ಮ ಮನೆಗೆ ಬಂದವರು ಹೀಗೆ ಮಾಡದಿದ್ದರೆ ನೀವೇ ಕೇಳಿ ಮಾಡಿಸಿ. ಕೆಳಗೆ ಮಲಗುವುದು ನಿಮ್ಮ ಮಕ್ಕಳು ಅಲ್ವಾ?

ಹೆಂಚಿನ ಮಾಡು ಎತ್ತರ ಇರುವುದರಿಂದ ಫ್ಯಾನಿನ ಜೊತೆ ಬರುವ ಗಿಡ್ಡ ರಾಡ್ ಸಾಲುವುದಿಲ್ಲ. ಉದ್ದದ ರಾಡ್ ಬೇರೆ ತರಬೇಕು. ರೆಕ್ಕೆ ನೆಲದಿಂದ ಎಂಟು ಅಡಿಗಿಂತ ಕೆಳಗೆ ಬರಬಾರದು, ಒಂಬತ್ತು ಹತ್ತು ಅಡಿಗಿಂತ ಮೇಲೆ ಹೋದರೆ ಗಾಳಿ ತಾಗುವುದಿಲ್ಲ. ಚಾವಣಿಗೂ ರೆಕ್ಕೆಗೂ ನಡುವೆ ಒಂದು ಅಡಿ ಜಾಗ ಇರಲಿ, ಇಲ್ಲದಿದ್ದರೆ ಫ್ಯಾನಿಗೆ ಎಳೆದುಕೊಳ್ಳಲು ಗಾಳಿಯೇ ಸಿಗುವುದಿಲ್ಲ. ಹಳೆ ಮನೆಯ ಒಳಕೋಣೆಗಳಲ್ಲಿ ಮರದ ಮುಚ್ಚಿಗೆ ಇದ್ದು, ಕೈ ಎತ್ತಿದರೆ ತಾಗುವಷ್ಟು ತಗ್ಗಾಗಿರುತ್ತದೆ. ಅಂಥಲ್ಲಿ ಸೀಲಿಂಗ್ ಫ್ಯಾನಿನ ಆಸೆ ಬಿಟ್ಟುಬಿಡಿ, ಗೋಡೆಗೆ ಹೊಡೆಯುವ ಫ್ಯಾನ್ ತನ್ನಿ. ಇನ್ನೊಂದು, ಫ್ಯಾನ್ ಬರುವ ಜಾಗದ ಮೇಲೆ ಹೆಂಚು ಸೋರಿದ ಕಲೆ ಇದೆಯಾ ನೋಡಿ. ಇದ್ದರೆ ಮಳೆಗೆ ಮುಂಚೆ ಹೆಂಚು ಬದಲಾಯಿಸಿಯೇ ಫ್ಯಾನ್ ಹಾಕಿಸಿ.

ಅಳತೆ, ಕರೆಂಟು, ಬಿಲ್ಲು

ಹತ್ತಕ್ಕೆ ಹತ್ತರಿಂದ ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆಗೆ 1200 ಮಿ.ಮೀ. ಫ್ಯಾನ್ ಸಾಕು. ಅಂಗಡಿಯಲ್ಲಿ ಇದನ್ನೇ 48 ಇಂಚು ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಹಾಲಿಗೆ 1400 ಮಿ.ಮೀ. ಹಾಕಿ. ಉದ್ದನೆಯ ಹಾಲ್ ಆದರೆ ಎರಡು 1200 ಮಿ.ಮೀ. ಫ್ಯಾನ್ ಒಳ್ಳೆಯದು. ರೆಕ್ಕೆ ಮೂರಿರಲಿ ನಾಲ್ಕಿರಲಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ಗಾಳಿಯ ಪ್ರಮಾಣ ನಿಮಿಷಕ್ಕೆ ಇಷ್ಟು ಘನ ಮೀಟರ್ ಅಂತ ಬರೆದಿರುತ್ತದೆ. 1200 ಮಿ.ಮೀ. ಫ್ಯಾನಿಗೆ ಅದು 210ರಿಂದ 230ರ ಆಸುಪಾಸು ಇದ್ದರೆ ಚೆನ್ನಾಗಿ ಗಾಳಿ ಬರುತ್ತದೆ. ಸೀಲಿಂಗ್ ಫ್ಯಾನಿಗೆ ಕರೆಂಟು ಉಳಿತಾಯ ತೋರಿಸುವ ಸ್ಟಾರ್ ಗುರುತು 2023ರ ಜನವರಿಯಿಂದ ಕಡ್ಡಾಯವಾಗಿದೆ. ಸ್ಟಾರ್ ಇಲ್ಲದ ಹಳೆ ಸ್ಟಾಕನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಈಗ ಎಲ್ಲರೂ ಕೇಳುವುದು, ಮಾಮೂಲಿ ಫ್ಯಾನಾ, ಕಡಿಮೆ ಕರೆಂಟು ಎಳೆಯುವ ಹೊಸ ಥರದ ಮೋಟಾರಿನ ಬಿಎಲ್‌ಡಿಸಿ ಫ್ಯಾನಾ? ಹೊಸದಾಗಿ ಬಂದವರು ಈ ಲೆಕ್ಕ ಮಾಡಲೇಬೇಕು. ಮಾಮೂಲಿ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವಾಟ್ ತೆಗೆದುಕೊಳ್ಳುತ್ತದೆ, ಬಿಎಲ್‌ಡಿಸಿ ಸುಮಾರು 30 ವಾಟ್. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಮಾಮೂಲಿ ಫ್ಯಾನಿಗೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್, ಬಿಎಲ್‌ಡಿಸಿಗೆ ಒಂಬತ್ತು. ಗೃಹಜ್ಯೋತಿ ಇರುವಾಗ ಇದೆಲ್ಲ ಯಾಕೆ ಅನ್ನಬೇಡಿ. ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟುತ್ತಾರೆ. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ ಯೋಜನೆ ಶುರುವಾದಾಗ ಇಟ್ಟ ಮಿತಿ 58 ಯೂನಿಟ್. ಎರಡು ಮಾಮೂಲಿ ಫ್ಯಾನ್ ರಾತ್ರಿಯಿಡೀ ತಿರುಗಿದರೆ ಅದರಲ್ಲಿ 45 ಅಲ್ಲೇ ಮುಗಿಯಿತು. ಫ್ರಿಜ್, ದೀಪ, ಮಿಕ್ಸಿ ಇನ್ನೂ ಬಾಕಿ. ಎರಡು ಬಿಎಲ್‌ಡಿಸಿ ಆದರೆ 18. ಮೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಯ ಮಿತಿ ಎಷ್ಟು ಅಂತ ನೋಡಿಕೊಂಡು ತೀರ್ಮಾನ ಮಾಡಿ. ರಾಜ್ಯದೊಳಗೇ ಬೇರೆ ಊರಿನಿಂದ ಬಂದಿದ್ದರೆ ಹಳೆ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟು ಸಂಪರ್ಕದ ನಂಬರು, ಬಿಲ್ಲಿನಲ್ಲಿರುತ್ತದೆ) ನಿಮ್ಮ ಆಧಾರ್ ಬಿಡಿಸಿ, ಆಮೇಲೆ ಇಲ್ಲಿಯ ನಂಬರಿಗೆ ಜೋಡಿಸಿ. ಸೇವಾಸಿಂಧುವಿನಲ್ಲಿ ಅದಕ್ಕೆ ಅವಕಾಶ ಇದೆ.

ಬಿಎಲ್‌ಡಿಸಿಯಲ್ಲಿ ತೊಡಕು ಇಲ್ಲವೇ ಇಲ್ಲ ಅಂತಲ್ಲ. ಅದರೊಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಇಲ್ಲಿ ಜೋರು. ಹತ್ತಿರದಲ್ಲಿ ಸಿಡಿಲು ಬಡಿದರೆ ತಂತಿಯಲ್ಲಿ ಬರುವ ಹೊಡೆತಕ್ಕೆ ಬೋರ್ಡ್ ಸುಟ್ಟುಹೋಗಬಹುದು. ಮಾಮೂಲಿ ಫ್ಯಾನಾದರೆ ವೈಂಡಿಂಗ್ ಅಂಗಡಿಯವರು ಸುಲಭವಾಗಿ ರಿಪೇರಿ ಮಾಡುತ್ತಾರೆ. ಬೋರ್ಡ್ ಹೋದರೆ ಕಂಪನಿಯ ಸರ್ವಿಸ್‌ನವರೇ ಬರಬೇಕು. ಅದಕ್ಕೇ ನಮ್ಮ ಸಲಹೆ ಹೀಗಿದೆ. ಶಿವಮೊಗ್ಗ, ಭದ್ರಾವತಿ ಪಟ್ಟಣದಲ್ಲಿದ್ದು ಅರ್ಥಿಂಗ್ ಸರಿ ಇದ್ದರೆ ಮಲಗುವ ಕೋಣೆಗಳಿಗೆ ಬಿಎಲ್‌ಡಿಸಿ ಹಾಕಿ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರು, ಹುಲಿಕಲ್ ಕಡೆಯ ಒಂಟಿ ಮನೆಯಲ್ಲಿದ್ದರೆ ಮಾಮೂಲಿ ಫ್ಯಾನೇ ನೆಮ್ಮದಿ. ಅಲ್ಲಿ ಫ್ಯಾನ್ ತಿರುಗುವ ತಿಂಗಳುಗಳೂ ಕಡಿಮೆ, ಹೆಚ್ಚು ಕೊಟ್ಟ ದುಡ್ಡು ಬೇಗ ವಾಪಸ್ ಬರುವುದಿಲ್ಲ. ಎಲ್ಲೇ ಇದ್ದರೂ ಗುಡುಗು ಕೇಳಿದ ಕೂಡಲೇ ಮೇನ್ ಆಫ್ ಮಾಡುವ ಅಭ್ಯಾಸ ಮಾಡಿಕೊಳ್ಳಿ.

ಬಿಎಲ್‌ಡಿಸಿ ಹಾಕಿಸುವಾಗ ಗೋಡೆಯ ಹಳೆ ರೆಗ್ಯುಲೇಟರನ್ನು ತೆಗೆಸಿ ನೇರ ಸಂಪರ್ಕ ಕೊಡಿಸಿ, ಇಲ್ಲದಿದ್ದರೆ ಫ್ಯಾನ್ ಸರಿಯಾಗಿ ಓಡುವುದಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ಬಿಎಲ್‌ಡಿಸಿಯ ಇನ್ನೊಂದು ಲಾಭ ಕಾಣುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ತಡ, ಆಗ ಅದೇ ಬ್ಯಾಟರಿಯಲ್ಲಿ ಫ್ಯಾನ್ ಎರಡು ಪಟ್ಟು ಹೊತ್ತು ತಿರುಗುತ್ತದೆ.

ಮನೆಯಲ್ಲಿ ಮೊದಲೇ ಇರುವ ಮಾಮೂಲಿ ಫ್ಯಾನ್ ಮೆತ್ತಗೆ ತಿರುಗುತ್ತಿದ್ದರೆ ಹೊಸದಕ್ಕೆ ಓಡಬೇಡಿ. ಬಹಳ ಸಲ ಹೋಗಿರುವುದು ಕೆಪಾಸಿಟರ್ ಅಷ್ಟೇ. 2.5 ಮೈಕ್ರೋಫ್ಯಾರಡ್‌ನ ಆ ಪುಟ್ಟ ಡಬ್ಬಿಯನ್ನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ.

ಕೂಲರ್ ಬೇಕಾ?

ಬಯಲುಸೀಮೆಯಿಂದ ಬಂದವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಕೂಲರ್ ಕೆಲಸ ಮಾಡುವುದು ಒಣ ಗಾಳಿಯಲ್ಲಿ. ನೀರು ಆವಿಯಾಗುವಾಗ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ, ಅದರಿಂದ ತಂಪು. ಶಿವಮೊಗ್ಗದಲ್ಲಿ ಮಾರ್ಚ್ ಮಧ್ಯಾಹ್ನ ಅದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಕೋಣೆಗೆ ತೇವ ತುಂಬಿಸುವುದು ಬಿಟ್ಟರೆ ಬೇರೆ ಪ್ರಯೋಜನ ಇಲ್ಲ. ತಂದದ್ದಾಗಿದೆ ಅಂದರೆ ಕಿಟಕಿ ತೆರೆದಿಟ್ಟೇ ಬಳಸಿ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿಯನ್ನು ತಿಕ್ಕಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಹೊಸದಾಗಿ ಕೂಲರ್ ಕೊಳ್ಳುವ ಯೋಚನೆ ಇದ್ದರೆ ಆ ದುಡ್ಡಿಗೆ ಒಂದು ಒಳ್ಳೆ ಸೀಲಿಂಗ್ ಫ್ಯಾನ್, ಒಂದು ಟೇಬಲ್ ಫ್ಯಾನ್ ಎರಡೂ ತನ್ನಿ.

ವಯಸ್ಸಾದವರು, ಎಳೆ ಮಕ್ಕಳು ಇರುವ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಕೋಣೆಯ ಬಿಸಿ 40 ಡಿಗ್ರಿ ದಾಟಿದರೆ ಫ್ಯಾನ್ ಮೈಗೆ ಬಿಸಿಯನ್ನೇ ತಳ್ಳುತ್ತದೆ. ಹೊರಗೆ ಅಷ್ಟು ಇಲ್ಲದಿದ್ದರೂ ತಗಡಿನ ಶೀಟಿನ ಕೆಳಗೆ ಮಧ್ಯಾಹ್ನ ಅಷ್ಟಾಗಬಹುದು. ಆ ಹೊತ್ತಿಗೆ ಅವರನ್ನು ಕೆಳಗಿನ ಮಹಡಿಗೋ ಜಗಲಿಗೋ ಕರೆತನ್ನಿ. ಒದ್ದೆ ಬಟ್ಟೆಯಿಂದ ಕೈಕಾಲು, ಕತ್ತು ಒರೆಸಿ. ದೊಡ್ಡವರಿಗೆ ಮಜ್ಜಿಗೆಯನ್ನೋ ಮುರುಗಲ ಹಣ್ಣಿನ ಪಾನಕವನ್ನೋ ಆಗಾಗ ಕೊಡಿ.

ಮಳೆಗಾಲದ ಕೆಲಸ

ಜೂನ್ ಬಂದ ಮೇಲೆ ಫ್ಯಾನ್ ಮೂಲೆಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಇಲ್ಲಿ ಬಟ್ಟೆ ಒಣಗುವುದೇ ಫ್ಯಾನಿನ ಕೆಳಗೆ. ಆ ಕೆಲಸಕ್ಕೆ ಸೀಲಿಂಗ್ ಫ್ಯಾನಿಗಿಂತ ಸ್ಟ್ಯಾಂಡ್ ಫ್ಯಾನ್ ಮೇಲು. ಹಗ್ಗಕ್ಕೆ ಬಟ್ಟೆ ಬಿಡಿಬಿಡಿಯಾಗಿ ಹಾಕಿ, ಒಂದು ಬದಿಯಿಂದ ಗಾಳಿ ಬಿಡಿ, ಕಿಟಕಿಯನ್ನು ಸ್ವಲ್ಪ ತೆರೆದಿಡಿ. ನೀರು ತೊಟ್ಟಿಕ್ಕುವ ಬಟ್ಟೆಯ ಕೆಳಗೆ ಫ್ಯಾನ್ ಇಡಬಾರದು. ಹಗ್ಗವನ್ನು ಫ್ಯಾನಿನ ರಾಡಿಗೆ ಕಟ್ಟುವವರನ್ನೂ ನೋಡಿದ್ದೇವೆ, ದಯವಿಟ್ಟು ಬೇಡ. ಬೀರು, ಹಾಸಿಗೆಗೆ ಬೂಷ್ಟು ಹಿಡಿಯದಂತೆ ಬಾಗಿಲು ತೆರೆದಿಟ್ಟು ದಿನಕ್ಕೆ ಅರ್ಧ ಗಂಟೆ ಗಾಳಿ ಬಿಡುವುದೂ ಇಲ್ಲಿಯ ರೂಢಿ.

ಈ ತೇವದಿಂದಾಗಿಯೇ ರೆಕ್ಕೆ ಅಲ್ಯೂಮಿನಿಯಂ ಆಗಿರಲಿ ಅನ್ನುತ್ತೇವೆ. ಕಬ್ಬಿಣದ ರೆಕ್ಕೆಯ ಬಣ್ಣ ಎದ್ದ ಕಡೆ ಒಂದೇ ಮಳೆಗಾಲಕ್ಕೆ ತುಕ್ಕು ಹತ್ತುತ್ತದೆ. ಸ್ಟ್ಯಾಂಡ್ ಫ್ಯಾನಿನ ಜಾಲರಿಯ ಸಂದಿಯಲ್ಲಿ ಚಿಕ್ಕ ಮಕ್ಕಳ ಬೆರಳು ಹೋಗುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಧೂಳು ಕೂತ ರೆಕ್ಕೆ ಒರೆಸಲು ಸ್ವಿಚ್ ಆಫ್ ಮಾಡಿ, ಹಳೆ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಹೊರಕ್ಕೆ ಎಳೆಯಿರಿ, ಧೂಳೆಲ್ಲ ಕವರಿನೊಳಗೇ ಉಳಿಯುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಆ ಕಂಪನಿಯ ಸರ್ವಿಸ್ ಶಿವಮೊಗ್ಗದಲ್ಲೇ ಇದೆಯಾ ಅಂತ ಕೇಳಿ, ಬ್ರ್ಯಾಂಡಿಗಿಂತ ಅದು ಮುಖ್ಯ. ಓಡಿಸಿ ತೋರಿಸಲು ಹೇಳಿ, ಸದ್ದು ಕಿವಿಗೊಟ್ಟು ಕೇಳಿ. ಬಾಡಿಗೆ ಮನೆಯಾದರೆ ನಿಮ್ಮ ಫ್ಯಾನ್ ಯಾವುದು, ಮಾಲೀಕರದ್ದು ಯಾವುದು ಅಂತ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಬಿಲ್ಲು ಮತ್ತು ವಾರಂಟಿ ಕಾರ್ಡಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಕಾಗದ ಇಲ್ಲಿಯ ಮಳೆಗಾಲಕ್ಕೆ ತಡೆಯುವುದಿಲ್ಲ.