ಟೂ-ಟೂ ಕೋವಿ ಜಾಮ್ ಆದ್ರೆ ಮೊದ್ಲು ಆ ಅರ ಕೆಳಗಿಡಿ

ಕೋವಿಗೆ ಪೂಜೆ ಮಾಡೋ ಕೈಲ್‌ಪೊಳ್ದ್ ಹಬ್ಬ ಹತ್ರ ಬಂತು ಅಂದ್ರೆ ಕೊಡಗಲ್ಲಿ ಊರೂರಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಶುರು. ಮಳೆಗಾಲ ಪೂರ್ತಿ ಕಪಾಟಲ್ಲಿ ಮಲಗಿದ್ದ ಪಾಯಿಂಟ್ 22 ರೈಫಲ್, ಅದೇ ನಮ್ಮ ಟೂ-ಟೂ, ಹೊರಗೆ ಬರುತ್ತೆ, ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಆಗುತ್ತೆ, ಮೈದಾನದಲ್ಲಿ ನಿಂತ್ರೆ ಮೊದಲನೇ ಗುಂಡು ಚೆನ್ನಾಗೇ ಹೋಗುತ್ತೆ, ಎರಡನೇದು ಅರ್ಧ ದಾರೀಲಿ ಮೂತಿ ಮೇಲೆ ಮಾಡ್ಕೊಂಡು ನಿಂತ್ಬಿಡುತ್ತೆ. ಹಿಂದೆ ಲೈನಲ್ಲಿರೋರು ತಲೆಗೊಂದು ಸಲಹೆ ಕೊಡ್ತಾರೆ, ಕೋವಿ ಹಿಡಿದವನು ನಾಚಿಕೆಗೆ ಗುಂಡನ್ನ ಒಳಗೆ ತಳ್ಳೋ ಬೋಲ್ಟನ್ನ ಅಂಗೈಯಲ್ಲಿ ಗುದ್ತಾನೆ, ಸಂಜೆ ಮನೆಗೆ ಹೋಗಿ ಅರ ಹುಡುಕ್ತಾನೆ. ಈ ಅರ ಹುಡುಕೋರಿಗೋಸ್ಕರನೇ ಬರೀತಿರೋದು. ನಾನೂ ಹುಡುಕಿದವನೇ. ಅಜ್ಜನ ಕಾಲದ ರೈಫಲ್‌ನಲ್ಲಿ ಹೊಡೆದ ಗುಂಡಿನ ಖಾಲಿ ಚಿಪ್ಪನ್ನ (ಕೇಸ್) ಹೊರಗೆಳೆಯೋ ಎಕ್ಸ್‌ಟ್ರಾಕ್ಟರ್ ಕೊಕ್ಕೆಯನ್ನ ಸ್ವಲ್ಪ ಚೂಪು ಮಾಡೋಣ ಅಂತ ಹೋಗಿ ಕೊಕ್ಕೆನೇ ಇಲ್ಲದ ಹಾಗೆ ಉಜ್ಜಿಟ್ಟೆ, ಆಮೇಲೆ ನೋಡಿದ್ರೆ ತಪ್ಪು ಕೊಕ್ಕೇದಲ್ಲ, ನಳಿಗೆ ಹಿಂದೆ ಗುಂಡು ಕೂರೋ ಚೇಂಬರ್ ಒಳಗೆ ಕೂತಿದ್ದ ಕೊಳೇದು.

ಇಲ್ಲಿ ಹೇಳ್ತಿರೋದು ನಮ್ಮಲ್ಲಿ ಜಾಸ್ತಿ ಇರೋ ತರದ್ದು, 5 ಇಲ್ಲ 10 ಗುಂಡಿನ ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ಇರೋ ಬೋಲ್ಟ್ ಆಕ್ಷನ್, ಅಂದ್ರೆ ಪ್ರತಿ ಗುಂಡಿಗೂ ಬೋಲ್ಟ್ ಕೈಯಲ್ಲೇ ಎಳೆಯೋದು, 22 ಲಾಂಗ್ ರೈಫಲ್ ಅನ್ನೋ ಕಾಟ್ರಿಜ್ (ಗುಂಡು) ಹಾಕೋದು.

ಮೊದಲು ಖಾಲಿ ಮಾಡಿ

ಮ್ಯಾಗಜೀನ್ ತೆಗೀರಿ, ಬೋಲ್ಟ್ ಹಿಂದೆ ಎಳೀರಿ, ಚೇಂಬರ್ ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳಲ್ಲೂ ಮುಟ್ಟಿ ನೋಡಿ. ಕಾಟ್ರಿಜ್ ಡಬ್ಬಿ ಬೇರೆ ರೂಮಲ್ಲಿರ್ಲಿ. ಮನೇಲಿ ಜೀವಂತ ಗುಂಡು ಹಾಕಿ 'ಫೀಡ್ ಆಗುತ್ತಾ' ಅಂತ ನೋಡೋ ಚಟ ಇದ್ರೆ ಇವತ್ತೇ ಬಿಡಿ, ಅದಕ್ಕೆ ಮದ್ದಿಲ್ಲದ ಡಮ್ಮಿ ಗುಂಡು ಸಿಗುತ್ತೆ. ಈ 22 ರಿಮ್‌ಫೈರ್, ಅಂದ್ರೇನೇ ಕಿಡಿ ಹೊತ್ತಿಸೋ ಮದ್ದು (ಪ್ರೈಮರ್) ಇರೋದು ತಳದ ಅಂಚಿನ ಸುತ್ತ. ದೊಡ್ಡ ಕೋವಿ ತರ ಮಧ್ಯದಲ್ಲಿ ಪ್ರೈಮರ್ ಇರಲ್ಲ, ಅಂಚಿನ ಯಾವ ಜಾಗ ಜಜ್ಜಿದ್ರೂ ಅದು ಹೊಡೀಬಹುದು. ಆದ್ರಿಂದ ಅರ್ಧ ಒಳಗೆ ಹೋಗಿ ನಿಂತಿರೋ ಗುಂಡಿನ ಮೇಲೆ ಬೋಲ್ಟ್ ಗುದ್ದೋದು, ಅಂಚಿಗೆ ಚಾಕು ತುದಿ ಹಾಕಿ ಮೀಟೋದು, ಎರಡೂ ಬೇಡ. ಬೋಲ್ಟ್ ಎಳೆದ್ರೂ ಜೀವಂತ ಗುಂಡು ಹೊರಗೆ ಬರ್ತಿಲ್ಲ ಅಂದ್ರೆ ನಳಿಗೆ ಸುರಕ್ಷಿತ ದಿಕ್ಕಿಗಿಟ್ಟು ಕೋವಿ ರಿಪೇರಿ ಮಾಡೋ ಗನ್‌ಸ್ಮಿತ್‌ನ ಕರೀರಿ, ಮರ್ಯಾದೆ ಹೋದ್ರೆ ಹೋಗ್ಲಿ.

ಟ್ರಿಗರ್ ಎಳೆದಾಗ ಏನೂ ಆಗ್ಲಿಲ್ವಾ, ನಳಿಗೆ ಗುರಿ ಕಡೆಗೇ ಇಟ್ಕೊಂಡು 30 ಸೆಕೆಂಡ್ ಕಾಯಿರಿ. 'ಟುಸ್ಸ್' ಅಂತ ಮೆಲ್ಲಗೆ ಸೌಂಡ್ ಬಂತಾ, ಗುಂಡು ನಳಿಗೆಯಲ್ಲೇ ಸಿಕ್ಕೊಂಡಿರಬಹುದು, ಬೋಲ್ಟ್ ತೆಗೆದು ಆಚೆ ಬೆಳಕು ಕಾಣುತ್ತಾ ನೋಡದೆ ಇನ್ನೊಂದು ಹಾಕಬೇಡಿ.

ಎಲ್ಲಿ ಕೆಟ್ಟಿದೆ ಅಂತ ಗೊತ್ತು ಮಾಡ್ಕೊಳ್ಳಿ

ಎಲ್ರೂ ಎಡವೋದು ಇಲ್ಲೇ. 'ಜಾಮ್ ಆಗುತ್ತೆ' ಅಂತಾರೆ, ಯಾವ ಜಾಮ್ ಅಂದ್ರೆ ಗೊತ್ತಿಲ್ಲ. ಗುಂಡಿನ ಮೂತಿ ಚೇಂಬರ್ ಬಾಯಿಗೆ ಹೋಗದೆ ಮೇಲೋ ಕೆಳಗೋ ಡಿಕ್ಕಿ ಹೊಡೆದು ನಿಂತ್ರೆ ಅನುಮಾನ ಮ್ಯಾಗಜೀನ್ ಮೇಲೆ. ಗುಂಡು ಪೂರ್ತಿ ಹತ್ರ ಹೋಗಿ ಕೊನೇ ಒಂದೆರಡು ಮಿ.ಮೀ. ಹೋಗದೆ ಬೋಲ್ಟ್ ಹ್ಯಾಂಡಲ್ ಕೆಳಗೆ ಬರ್ತಿಲ್ಲ ಅಂದ್ರೆ ಚೇಂಬರ್ ಕೊಳೆ. ಹೊಡೆದ ಮೇಲೆ ಬೋಲ್ಟ್ ಬಂತು, ಖಾಲಿ ಕೇಸ್ ಒಳಗೇ ಉಳೀತು ಅಂದ್ರೆ ಅದು ಎಕ್ಸ್‌ಟ್ರಾಕ್ಷನ್ ತೊಂದ್ರೆ, ಕೊಳೆ ಇಲ್ಲ ಕೊಕ್ಕೆ. ಕೇಸ್ ಹೊರಗೆ ಬಂತು, ಆದ್ರೆ ಹಾರದೆ ಒಳಗೇ ಬಿದ್ದು ಮುಂದಿನ ಗುಂಡಿಗೆ ಅಡ್ಡ ಬಂತು ಅಂದ್ರೆ ಎಜೆಕ್ಷನ್ ತೊಂದ್ರೆ, ಕೇಸನ್ನ ಹಾರಿಸೋ ಎಜೆಕ್ಟರ್‌ದು. ಈ ಕೊನೇ ಎರಡನ್ನ ಒಂದೇ ಅಂದ್ಕೊಂಡು ಎಜೆಕ್ಟರ್ ಸರಿ ಇಲ್ದಿದ್ದಕ್ಕೆ ಕೊಕ್ಕೆ ಉಜ್ಜಿದವರನ್ನ ಎಷ್ಟು ಜನ ನೋಡಿಲ್ಲ.

ಡಿಕ್ಕಿ ಎಲ್ಲಿ ಅಂತ ತಿಳಿಯೋಕೆ ಒಂದು ಉಪಾಯ: ಡಮ್ಮಿ ಗುಂಡಿನ ಮೂತಿಗೆ ಕಪ್ಪು ಮಾರ್ಕರ್ ಬಳೀರಿ, ಮೆಲ್ಲಗೆ ಬೋಲ್ಟ್ ತಳ್ಳಿ, ಎಲ್ಲಿ ಬಣ್ಣ ಹೋಗಿದೆಯೋ ಅಲ್ಲಿ ಉಜ್ತಿದೆ.

ಕಾಟ್ರಿಜ್ ಬದಲಾಯಿಸಿ ನೋಡಿ

ಬೇರೆ ಡಬ್ಬಿ, ಬೇರೆ ಬ್ರ್ಯಾಂಡ್ ಹಾಕಿ ನೋಡಿ, ಸರಿ ಹೋದ್ರೆ ಮುಂದಿನದ್ದು ಓದೋದೇ ಬೇಡ. ಶರ್ಟ್ ಜೇಬಲ್ಲಿ ಬಿಡಿಬಿಡಿಯಾಗಿ ಗುಂಡು ಹಾಕ್ಕೊಂಡು ಬರೋರಿಗೆ ಮಾತ್ರ ಒಂದು ಮಾತು. ಸೀಸದ ಗುಂಡಿನ ಮೇಲೆ ಮೇಣ ಇರುತ್ತೆ, ಜೇಬಿನ ದೂಳು, ಬೀಡಿ ಚೂರು ಎಲ್ಲಾ ಅಂಟ್ಕೊಳ್ಳುತ್ತೆ, ಅದೇ ಚೇಂಬರ್‌ಗೆ ಹೋಗುತ್ತೆ.

ಮ್ಯಾಗಜೀನ್

ಎರಡು ಮ್ಯಾಗಜೀನ್ ಇದ್ರೆ ಅವಕ್ಕೆ ನೇಲ್ ಪಾಲಿಶಲ್ಲಿ 1, 2 ಅಂತ ಗುರುತು ಹಾಕಿ. ತೊಂದ್ರೆ ಬರೀ ಒಂದ್ರಲ್ಲೇ ಬಂದ್ರೆ ಕೋವಿ ಮುಟ್ಟೋದೇ ಬೇಡ. ತುಂಬೋವಾಗ ಮೇಲಿನ ಗುಂಡಿನ ಅಂಚು ಕೆಳಗಿನ ಗುಂಡಿನ ಅಂಚಿಗಿಂತ ಮುಂದೆ ಇರಬೇಕು, ಹಿಂದೆ ಹೋಯ್ತೋ ಒಂದಕ್ಕೊಂದು ಬೀಗ ಹಾಕ್ಕೊಂಡಂಗೆ ಸಿಕ್ಕೊಳ್ಳುತ್ತೆ, ಬೋಲ್ಟ್ ಎಷ್ಟು ತಳ್ಳಿದ್ರೂ ಬರಲ್ಲ. ಹೊಸಬರು ಮೇಲಿಂದ ಒತ್ತಿ ಒತ್ತಿ ತುಂಬೋವಾಗ ಆಗೋದು ಇದೇ. ಮುಂದಿನಿಂದ ಹಿಂದಕ್ಕೆ ಜಾರಿಸಿ ಹಾಕಿ. 10ರ ಮ್ಯಾಗಜೀನ್‌ಗೆ ನಾನು 9ಕ್ಕಿಂತ ಜಾಸ್ತಿ ಹಾಕಲ್ಲ, ನೀವೂ ಹಾಕಬೇಡಿ.

ಮೇಲೆ ಎರಡು ಕಡೆ ಮಡಿಚಿರೋ ತಗಡಿನ ತುಟಿ ಇದೆಯಲ್ಲ, ಅದು ಎರಡೂ ಒಂದೇ ತರ ಇರಬೇಕು. ಮ್ಯಾಗಜೀನ್‌ನ ಹಿಂದಿನಿಂದ ಆಕಾಶದ ಕಡೆ ಹಿಡಿದು ನೋಡಿ. ಕೆಳಗೆ ಬಿದ್ದ ಮ್ಯಾಗಜೀನ್ ಆದ್ರೆ ಒಂದು ತುಟಿ ಒಳಗೆ ಹೋಗಿರುತ್ತೆ ಇಲ್ಲ ಹೊರಗೆ ತೆರ್ಕೊಂಡಿರುತ್ತೆ, ತೆರ್ಕೊಂಡ್ರೆ ಗುಂಡು ಬೇಗ ಬಿಟ್ಕೊಂಡು ಮೂತಿ ಮೇಲೇಳುತ್ತೆ, ಒಳಗೆ ಹೋದ್ರೆ ತಡವಾಗಿ ಬಿಟ್ಟು ಕೆಳಗೆ ಡಿಕ್ಕಿ. ಬಗ್ಗಿಸ್ಲೇಬೇಕು ಅಂದ್ರೆ ಇಕ್ಕಳದ ಬಾಯಿಗೆ ಚರ್ಮ ಸುತ್ತಿ, ಕೂದಲೆಳೆಯಷ್ಟು ಬಗ್ಗಿಸಿ, ಡಮ್ಮಿ ಹಾಕಿ ನೋಡಿ, ಮತ್ತೆ ಕೂದಲೆಳೆಯಷ್ಟು. ನನ್ನ ಕೇಳಿದ್ರೆ ಹೊಸ ಮ್ಯಾಗಜೀನ್ ತಗೊಳ್ಳಿ, ತಗಡು ಎರಡು ಸಲ ಬಗ್ಗಿದ್ರೆ ಮೂರನೇ ಸಲಕ್ಕೆ ಮುರಿಯುತ್ತೆ. ಕಂಪನಿಯದ್ದೇ ತಗೊಳ್ಳಿ. 'ಎಲ್ಲಾದಕ್ಕೂ ಫಿಟ್ ಆಗುತ್ತೆ' ಅಂತ ಅಗ್ಗಕ್ಕೆ ಮಾರೋದನ್ನ ಒಂದು ಸಲ ತಂದಿದ್ದೆ, ಅದು ಯಾವುದಕ್ಕೂ ಫಿಟ್ ಆಗ್ಲಿಲ್ಲ.

ಇನ್ನೊಂದು, ಇದು ಮಳೆನಾಡಿನೋರಿಗೆ. ಗುಂಡು ಸಿಕ್ಕೊಳ್ಳೋವಾಗ ಮ್ಯಾಗಜೀನನ್ನ ಕೆಳಗಿನಿಂದ ಬೆರಳಲ್ಲಿ ಮೇಲಕ್ಕೆ ಒತ್ತಿ ಹಿಡೀರಿ. ಈಗ ಸರಿ ಹೋಯ್ತಾ, ಹಾಗಾದ್ರೆ ಮ್ಯಾಗಜೀನ್ ಪೂರ್ತಿ ಮೇಲೆ ಕೂರ್ತಿಲ್ಲ. ಅದನ್ನ ಹಿಡಿದಿಡೋ ಕ್ಯಾಚ್ ಸವೆದಿರಬಹುದು, ಇಲ್ಲ ಮೂರು ತಿಂಗಳ ಮಳೆಗೆ ಮರದ ಹಿಡಿ ಉಬ್ಬಿ ಮ್ಯಾಗಜೀನ್ ದಾರಿ ಬಿಗಿಯಾಗಿರಬಹುದು. ಮರ ಉಬ್ಬಿದ್ರೆ ಕೆತ್ತೋಕೆ ಹೋಗ್ಬೇಡಿ, ಒಣಗಿದ ಮೇಲೆ ಅಲ್ಲಿ ಸಂದಿ ಬೀಳುತ್ತೆ. ಎರಡು ವಾರ ಒಣ ಜಾಗದಲ್ಲಿಟ್ಟು ನೋಡಿ. ಬಿಸಿಲಲ್ಲಿ ಅಲ್ಲ, ಬಿರುಕು ಬಿಡುತ್ತೆ.

ಮ್ಯಾಗಜೀನ್ ಒಳಗೆ ಎಣ್ಣೆ ಹಾಕ್ಬಾರ್ದು. ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು.

ಚೇಂಬರ್, ನಿಜವಾದ ಕೆಲಸ ಇಲ್ಲಿದೆ

22ರಲ್ಲಿ ಸೀಸ, ಮೇಣ, ಮಸಿ ಮೂರೂ ಸೇರಿ ಕೇಸಿನ ಬಾಯಿ ನಿಲ್ಲೋ ಜಾಗದ ಮುಂದೆ ಗಟ್ಟಿ ಉಂಗುರದ ತರ ಕಟ್ಕೊಳ್ಳುತ್ತೆ. ಶಾರ್ಟ್ ಕಾಟ್ರಿಜ್ ಹೊಡೆಯೋ ಅಭ್ಯಾಸ ಇದ್ರಂತೂ ಕೇಳಲೇಬೇಡಿ. ಲಾಂಗ್ ರೈಫಲ್ ಕೇಸ್ 15.6 ಮಿ.ಮೀ. ಉದ್ದ, ಶಾರ್ಟ್ ಅದಕ್ಕಿಂತ ಸುಮಾರು 5 ಮಿ.ಮೀ. ಗಿಡ್ಡ, ಆ ಬಿಟ್ಟ ಜಾಗದಲ್ಲೆಲ್ಲ ಮಸಿ ಕೂರುತ್ತೆ, ಆಮೇಲೆ ಲಾಂಗ್ ಹಾಕಿದ್ರೆ ಆ ಮಸಿ ಮೇಲೆ ಹತ್ತಿ ಬಿಗಿಯಾಗುತ್ತೆ, ಹೊಡೆದ ಮೇಲೆ ಉಬ್ಬಿ ಇನ್ನೂ ಬಿಗಿಯಾಗುತ್ತೆ, ಕೊಕ್ಕೆ ಎಳೆದ್ರೂ ಬರಲ್ಲ, ಬೈಗುಳ ಕೊಕ್ಕೆಗೆ.

ಬೋಲ್ಟ್ ಹೊರಗೆ ತೆಗೀರಿ. ಚಿಕ್ಕ ಬಟ್ಟೆ ತುಂಡಿಗೆ ಗನ್ ಸಾಲ್ವೆಂಟ್ ಹಾಕಿ ಹಿಂದಿನಿಂದ ಚೇಂಬರ್‌ಗೆ ತುರುಕಿ 15 ನಿಮಿಷ ಬಿಡಿ, ಕಾಫಿ ಕುಡ್ಕೊಂಡು ಬನ್ನಿ. ಆಮೇಲೆ ಕಂಚಿನ ಬ್ರಶ್ ಚೇಂಬರ್‌ವರೆಗೆ ಮಾತ್ರ ಹಾಕಿ, ಹಿಂದೆ ಮುಂದೆ ಅಲ್ಲ, ತಿರುಪಿನ ತರ ಒಂದೇ ದಿಕ್ಕಿಗೆ ಹತ್ತು ಹನ್ನೆರಡು ಸುತ್ತು ತಿರುಗಿಸಿ. ಒಣ ಬಟ್ಟೆ ಹಾಕಿ ತೆಗೀರಿ, ಕರ್ರಗೆ ಬರುತ್ತೆ. ಮತ್ತೆ ಸಾಲ್ವೆಂಟ್, ಮತ್ತೆ ಬ್ರಶ್. ಮೂರು ನಾಲ್ಕು ಸಲ ಮಾಡಿದ್ರೇನೇ ಉಂಗುರ ಬಿಡೋದು, ಒಂದೇ ಸಲಕ್ಕೆ ಮುಗೀತು ಅಂತ ಎದ್ದೋದವ್ರೇ ವಾರದ ನಂತರ ಫೋನ್ ಮಾಡೋದು. ಟಾರ್ಚ್ ಬಿಟ್ಟು ನೋಡಿ, ಒಳಗೆ ಕಪ್ಪು ಬಳೆ ಕಂಡ್ರೆ ಇನ್ನೂ ಮುಗಿದಿಲ್ಲ.

ಸ್ಕ್ರೂಡ್ರೈವರ್ ತುದಿ, ಸೈಕಲ್ ಕಡ್ಡಿ, ಸ್ಟೀಲ್ ತಂತಿ ಬ್ರಶ್ ಯಾವುದೂ ಬೇಡ. ಅಗ್ಗದ ಕ್ಲೀನಿಂಗ್ ಕಿಟ್‌ಗಳಲ್ಲಿ ಮೂರು ತುಂಡಿನ ಅಲ್ಯೂಮಿನಿಯಂ ರಾಡ್ ಬರುತ್ತಲ್ಲ, ಅದು ಬಾಗಿ ನಳಿಗೆ ಗೋಡೆಗೆ ಉಜ್ಜುತ್ತೆ, ಒಂದೇ ತುಂಡಿನ ಕೋಟಿಂಗ್ ಇರೋ ರಾಡ್ ತಗೊಳ್ಳಿ. ನಳಿಗೆಯನ್ನ ಮಾತ್ರ ಪ್ರತಿ ಸಲ ಬ್ರಶ್ ಹಾಕಿ ತಿಕ್ಕಬೇಡಿ, ಮೆತ್ತನೆ ಸೀಸಕ್ಕೆ ಅಷ್ಟು ಬೇಕಾಗಿಲ್ಲ, ನಾಲ್ಕು ಬಟ್ಟೆ ಎಳೆದ್ರೆ ಆಯ್ತು. ನಾನು 200 ಗುಂಡಿಗೊಂದ್ಸಲ ಚೇಂಬರ್ ಮಾತ್ರ ಮಾಡ್ತೀನಿ.

ಕೊಳೆ ಹೋದ್ಮೇಲೂ ಬಿಗಿ ಅಂದ್ರೆ ಚೇಂಬರ್ ಬಾಯಿಯ ಅಂಚನ್ನ ನೋಡಿ. ಖಾಲಿ ಕೋವಿಯ ಟ್ರಿಗರ್ ಟಕ್ ಟಕ್ ಅಂತ ಎಳೆದು ಎಳೆದು ಕೆಲವು ಹಳೇ ರೈಫಲ್‌ಗಳಲ್ಲಿ ಫೈರಿಂಗ್ ಪಿನ್ (ಗುಂಡಿನ ತಳಕ್ಕೆ ಬಡಿಯೋ ಮೊಳೆ) ಆ ಅಂಚಿಗೇ ಬಡಿದು ತಗ್ಗು ಮಾಡುತ್ತೆ, ಜರುಗಿದ ಲೋಹ ಒಳಗೆ ಚಾಚ್ಕೊಳ್ಳುತ್ತೆ. ಕೇಸ್ ಮೇಲೆ ಪ್ರತಿ ಸಲ ಒಂದೇ ಜಾಗದಲ್ಲಿ ಗೀರು ಬಿದ್ರೆ ಇದೇ. ಅದನ್ನ ಚೇಂಬರ್ ಐರನ್ ಅನ್ನೋ ಸಾಧನದಿಂದ ವಾಪಸ್ ಒತ್ತಬೇಕು, ಗನ್‌ಸ್ಮಿತ್ ಕೆಲಸ. ಅರ ಹಾಕಿದ್ರೆ ಚೇಂಬರ್ ದೊಡ್ಡದಾಗುತ್ತೆ, ಮತ್ತೆ ಚಿಕ್ಕದಾಗಲ್ಲ.

ಕೊಕ್ಕೆ

ಈಗ ಬೇಕಾದ್ರೆ ಕೊಕ್ಕೆ ನೋಡಿ. ಹಲ್ಲುಕಡ್ಡಿ ತಗೊಂಡು ಕೊಕ್ಕೆ ಕೆಳಗೆ ಕೆದಕಿ, ಕೇಕ್ ತರ ಗಟ್ಟಿಯಾದ ಮೇಣ ಬರುತ್ತೆ. ಆಮೇಲೆ ಒಂದು ಖಾಲಿ ಕೇಸನ್ನ ಬೋಲ್ಟ್ ಮುಖಕ್ಕೆ ಸಿಕ್ಕಿಸಿ ಅಡ್ಡಡ್ಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಬೀಳಬಾರ್ದು. ಬಿದ್ರೆ ಸ್ಪ್ರಿಂಗ್ ಸೋತಿದೆ ಇಲ್ಲ ಕೊಕ್ಕೆ ತುದಿ ಉರುಟಾಗಿದೆ, ಎರಡೂ ಹೊಸದು ಹಾಕಿ. ಸ್ಪ್ರಿಂಗ್ ಎಳೆದು ಉದ್ದ ಮಾಡಿದ್ರೆ ಒಂದು ಸ್ಪರ್ಧೆಗೆ ಬರುತ್ತೆ, ಎರಡನೇದಕ್ಕೆ ಬರಲ್ಲ.

ಹಾರದ ಕೇಸ್

ಬಹಳ ಸಲ ಇದು ಕೋವಿ ತಪ್ಪೇ ಅಲ್ಲ, ಕೈ ತಪ್ಪು. ಈ ರೈಫಲ್‌ಗಳಲ್ಲಿ ಜಾಸ್ತಿ ಎಜೆಕ್ಟರ್ ಅಂದ್ರೆ ಅಲ್ಲಾಡದ ಒಂದು ತಗಡಿನ ನಾಲಿಗೆ, ಬೋಲ್ಟ್ ಕೊನೇವರೆಗೂ ಹಿಂದೆ ಬಂದಾಗ ಮಾತ್ರ ಕೇಸ್ ಅದಕ್ಕೆ ಬಡಿದು ಹಾರುತ್ತೆ. ಮಗು ಮಲಗಿದೆಯೇನೋ ಅನ್ನೋ ಹಾಗೆ ಮೆತ್ತಗೆ ಎಳೆದ್ರೆ ಅಲ್ಲೇ ಬೀಳುತ್ತೆ. ಜೋರಾಗಿ, ಪೂರ್ತಿ ಎಳೀರಿ. ಆಗ್ಲೂ ಹಾರಲ್ಲ ಅಂದ್ರೆ ಆ ನಾಲಿಗೆ ಬಾಗಿದೆಯಾ, ಸವೆದಿದೆಯಾ ನೋಡಿ.

ಎಣ್ಣೆ

ಬೋಲ್ಟಿಗೆ ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ, ಅಷ್ಟೇ. ತೆಂಗಿನೆಣ್ಣೆ ಹಚ್ಚೋರು ಈಗ್ಲೂ ಇದ್ದಾರೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಮಡಿಕೇರಿ ಚಳೀಲಿ ಬಾಟಲಿಯೊಳಗೇ ಕಲ್ಲಾಗೋದನ್ನ ನೋಡಿಲ್ವಾ, ಬೋಲ್ಟ್ ಒಳಗೂ ಅದೇ ಆಗುತ್ತೆ, ಫೈರಿಂಗ್ ಪಿನ್ ಸೋಮಾರಿಯಾಗುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಡಬ್ಬಿಯನ್ನ ಎಲ್ಲದಕ್ಕೂ ಹೊಡೆಯೋದೂ ಬೇಡ, ಒಣಗಿದ ಮೇಲೆ ಅಂಟು ಉಳಿಯುತ್ತೆ. ಇನ್ನು ಪೂಜೆಗಿಟ್ಟ ಕೋವಿಯನ್ನ ಮೈದಾನಕ್ಕೆ ತರೋ ಮೊದ್ಲು ಬೋಲ್ಟ್ ತೆಗೆದು ಗಂಧ, ಕುಂಕುಮ ಎಲ್ಲಾ ಒರೆಸಿ. ಹೋದ ವರ್ಷ ಒಬ್ಬರ ರೈಫಲ್ ಅರ್ಧ ಗಂಟೆ ಬಿಚ್ಚಿ ನೋಡಿದೆ, ಕೊನೆಗೆ ಎಜೆಕ್ಟರ್ ಪಕ್ಕದಿಂದ ಹೊರಗೆ ಬಂದಿದ್ದು ಒಣಗಿದ ಒಂದು ಹೂವಿನ ಎಸಳು.