ಮೊದಲು ಗಂಡನ ಕಾಗದ, ಆಮೇಲೆ ನನ್ನದು

ನಾನು ಮೈಸೂರಿನವಳು. ನನ್ನ ಗಂಡ ಇಟಲಿಯವರು, ಅವರ ಕೆಲಸ ಸ್ಪೇನ್‌ನ ವಲೆನ್ಸಿಯಾದಲ್ಲಿ. ಮದುವೆಯಾಗಿ ಅಲ್ಲಿಗೆ ಹೋಗಿ ನೆಲೆಸೋಕೆ ನಾನು ಏನೇನು ಮಾಡಿದೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಯುರೋಪಿಯನ್ ಒಕ್ಕೂಟದ ಒಂದು ದೇಶದವರು ಒಕ್ಕೂಟದ ಇನ್ನೊಂದು ದೇಶದಲ್ಲಿ ಕೆಲಸ ಮಾಡಿಕೊಂಡಿದ್ದರೆ, ಅವರ ಹೆಂಡತಿ ಅಥವಾ ಗಂಡನಿಗೂ ಅಲ್ಲಿ ಇರುವ ಹಕ್ಕಿದೆ. 2004ರ ಒಕ್ಕೂಟದ ಕಾನೂನು ಇದನ್ನು ಹೇಳುತ್ತೆ, ಸ್ಪೇನ್‌ನಲ್ಲಿ ಅದು 2007ರಲ್ಲಿ ಜಾರಿಗೆ ಬಂತು. ಅಂದರೆ ಅಲ್ಲಿ ಸಂಗಾತಿಗೆ ಕೊಡುವ ವಾಸದ ಕಾರ್ಡ್ ನಮಗೆ ಹಕ್ಕು ಕೊಡೋದಿಲ್ಲ, ಇರೋ ಹಕ್ಕನ್ನು ತೋರಿಸುತ್ತೆ ಅಷ್ಟೇ. ಇದು ಗೊತ್ತಿದ್ದರೆ ಕೌಂಟರ್ ಮುಂದೆ ಧೈರ್ಯವಾಗಿ ಕೂರಬಹುದು. ಆದರೆ ನಿಮ್ಮ ಗಂಡ ಸ್ಪೇನ್‌ನವರೇ ಆಗಿದ್ದರೆ ಈ ದಾರಿ ಅಲ್ಲ. 2025ರ ಮೇ ತಿಂಗಳಿಂದ ಅವರ ಮನೆಯವರಿಗೆ ಬೇರೆಯದೇ ನಿಯಮ ಇದೆ.

ನಮ್ಮ ಮದುವೆ ಮೈಸೂರಲ್ಲೇ, ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಆಯಿತು. 30 ದಿನದ ನೋಟಿಸ್ ಅವಧಿ ಕಾಯಲೇಬೇಕು. ಸರ್ಟಿಫಿಕೇಟ್ ಕೈಗೆ ಬರುವ ಮೊದಲೇ ಹೆಸರುಗಳನ್ನು ಒಂದೊಂದೇ ಅಕ್ಷರ ನೋಡಿ. ನಮ್ಮ ಕಡೆ ಇನಿಷಿಯಲ್ ಬರೆಯೋದು ರೂಢಿ, ಪಾಸ್‌ಪೋರ್ಟ್‌ನಲ್ಲಿ ಅದೇ ಹೆಸರು ಬಿಡಿಸಿ ಇರುತ್ತೆ. ನಾನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪಾಸ್‌ಪೋರ್ಟ್ ಮುಂದಿಟ್ಟು, ಇದರಲ್ಲಿ ಇರೋ ಹಾಗೇ ಬರೀರಿ ಸಾರ್ ಅಂತ ಕೇಳಿ ಬರೆಸಿಕೊಂಡೆ. ಮುಂದೆ ಅದರಿಂದ ಎಷ್ಟು ಅನುಕೂಲ ಆಯಿತು ಅಂದರೆ, ಯಾವ ಕೌಂಟರ್‌ನಲ್ಲೂ ಹೆಸರಿನ ಬಗ್ಗೆ ಪ್ರಶ್ನೆ ಬರಲಿಲ್ಲ.

ಆಮೇಲೆ ಅಪೊಸ್ಟಿಲ್, ಅಂದರೆ ನಮ್ಮ ಸರ್ಟಿಫಿಕೇಟನ್ನು ಬೇರೆ ದೇಶದವರೂ ಒಪ್ಪುವಂತೆ ಮಾಡಿಸುವ ದೃಢೀಕರಣ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು. ಸರ್ಟಿಫಿಕೇಟಿನ ಹಿಂಬದಿಗೆ ಸಣ್ಣ ಸ್ಟಿಕರ್ ಅಂಟಿಸಿ ಕೊಡುತ್ತಾರೆ. ಇದಾದ ಮೇಲೇ ಸ್ಪ್ಯಾನಿಷ್ ಅನುವಾದಕ್ಕೆ ಕೊಡಬೇಕು, ಯಾಕಂದ್ರೆ ಆ ಸ್ಟಿಕರ್, ಹಿಂದೆ ಇರೋ ಸೀಲುಗಳು ಎಲ್ಲವೂ ಅನುವಾದ ಆಗಬೇಕು. ಸುಮ್ನೆ ಯಾರೋ ಮಾಡಿಕೊಟ್ಟರೆ ನಡೆಯಲ್ಲ. ಸ್ಪೇನ್ ವಿದೇಶಾಂಗ ಸಚಿವಾಲಯ ನೇಮಿಸಿದ ಅನುವಾದಕರೇ ಮಾಡಿ, ಪ್ರತಿ ಪುಟಕ್ಕೂ ತಮ್ಮ ಸೀಲು ಹಾಕಬೇಕು. ನಾನು ಎರಡೂ ಬದಿ ಸ್ಕ್ಯಾನ್ ಮಾಡಿ ಕಳಿಸಿದ್ದೆ.

ಸ್ಪೇನ್‌ಗೆ ಹೋಗೋಕೆ ವೀಸಾ ಬೇಕು. ಆದರೆ ಒಕ್ಕೂಟದ ನಾಗರಿಕರ ಸಂಗಾತಿಗೆ ವೀಸಾ ಶುಲ್ಕ ಇಲ್ಲ, ಬೇಗ ಕೊಡಬೇಕು ಅಂತಲೂ ಕಾನೂನಿದೆ. ಅರ್ಜಿಯಲ್ಲಿ ಒಕ್ಕೂಟದ ನಾಗರಿಕರ ಮನೆಯವರಿಗೆ ಅಂತ ಇರುವ ಭಾಗವನ್ನು ತಪ್ಪದೆ ತುಂಬಿ.

ಅಲ್ಲಿ ಇಳಿದ ಮೇಲೆ ಮೂರು ತಿಂಗಳೊಳಗೆ ಕಾರ್ಡಿಗೆ ಅರ್ಜಿ ಹಾಕಬೇಕು. ಇಲ್ಲೇ ಕಾಗದಗಳ ಕ್ರಮ ಮುಖ್ಯ ಆಗೋದು. ನನ್ನ ಹಕ್ಕು ನಿಂತಿರೋದು ಗಂಡನ ಹಕ್ಕಿನ ಮೇಲೆ, ಅಲ್ವಾ? ಹಾಗಾಗಿ ಅವರು ಅಲ್ಲಿ ನೋಂದಾಯಿಸಿಕೊಂಡ ಗುರುತು, ಫೋಟೊ ಇಲ್ಲದ ಆ ಹಸಿರು ಚೀಟಿ, ಮೊದಲು ಇರಬೇಕು. ಅದನ್ನು ಅವರು ನಾನು ಬರುವ ಮುಂಚೆಯೇ ಮಾಡಿಸಿಟ್ಟಿದ್ದರು. ಜೊತೆಗೆ ಅವರ ಕೆಲಸದ ಕರಾರು ಪತ್ರ ಇಟ್ಟೆವು. ಒಕ್ಕೂಟದ ನಾಗರಿಕರಾದ ಸಂಗಾತಿಗೆ ಕೆಲಸ ಇಲ್ಲದಿದ್ದರೆ ಸಾಕಷ್ಟು ಹಣ ಮತ್ತು ಆರೋಗ್ಯ ವಿಮೆ ತೋರಿಸಬೇಕಾಗುತ್ತೆ. ನಂತರ ಬಾಡಿಗೆ ಕರಾರು ಹಿಡಿದು ನಗರಸಭೆಗೆ ಹೋಗಿ, ಇಬ್ಬರೂ ಒಂದೇ ವಿಳಾಸದಲ್ಲಿ ಇದ್ದೇವೆ ಅಂತ ಬರೆಸಿದೆವು. ಇದಕ್ಕೆ ಅಲ್ಲಿ ಎಂಪಾದ್ರೊನಾಮಿಯೆಂತೊ ಅಂತಾರೆ. ಸಿತಾ ಪ್ರೆವಿಯಾ, ಅಂದರೆ ಕಾರ್ಡಿನ ಅರ್ಜಿ ಕೊಡೋಕೆ ಗೊತ್ತುಮಾಡಿಕೊಳ್ಳುವ ಮುಂಗಡ ಸಮಯ, ಸಿಗೋದು ದೊಡ್ಡ ಊರುಗಳಲ್ಲಿ ಕಷ್ಟ. ಅದನ್ನು ಎಲ್ಲಕ್ಕಿಂತ ಮೊದಲು ಹಿಡಿದಿಟ್ಟು, ಮಿಕ್ಕ ಕಾಗದಗಳನ್ನು ಆ ದಿನದೊಳಗೆ ಜೋಡಿಸಿಕೊಳ್ಳಿ.

ಫಾರ್ಮಿನ ಹೆಸರು ಇಎಕ್ಸ್-19. ಅದರಲ್ಲಿ ಮನೆತನದ ಹೆಸರಿಗೆ ಎರಡು ಜಾಗ ಇದೆ. ಅಲ್ಲಿನವರಿಗೆ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು. ನನ್ನ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಅದನ್ನು ಮೊದಲ ಜಾಗದಲ್ಲಿ ಬರೆದು ಎರಡನೆಯದನ್ನು ಖಾಲಿ ಬಿಟ್ಟೆ. ಅಪ್ಪ ಅಮ್ಮನ ಹೆಸರನ್ನು ಕೇಳುವ ಜಾಗ ಕೆಳಗೆ ಬೇರೆಯೇ ಇದೆ. ಗಂಡನ ಮನೆತನದ ಹೆಸರನ್ನು ಎಲ್ಲೂ ಸೇರಿಸಲಿಲ್ಲ, ಪಾಸ್‌ಪೋರ್ಟ್‌ನಲ್ಲಿ ಇಲ್ಲದ್ದನ್ನು ಫಾರ್ಮಿನಲ್ಲಿ ತರಬಾರದು.

ಅರ್ಜಿ ತೆಗೆದುಕೊಂಡ ಕೂಡಲೇ ಒಂದು ರಸೀದಿ ಕೊಡುತ್ತಾರೆ, ರೆಸ್ಗ್ವಾರ್ದೊ. ಕಾರ್ಡ್ ಬರುವ ತನಕ ನಾವು ಕಾನೂನುಬದ್ಧವಾಗಿ ಇದ್ದೇವೆ ಅನ್ನೋದಕ್ಕೆ ಅದೇ ಸಾಕ್ಷಿ, ಜೋಪಾನ. ಮೂರು ತಿಂಗಳೊಳಗೆ ಕಾರ್ಡ್ ಕೊಡಬೇಕು ಅನ್ನೋದು ಸ್ಪೇನ್‌ನ ನಿಯಮ. ಮಂಜೂರಾದ ಮೇಲೆ ಪೊಲೀಸ್ ಠಾಣೆಯಲ್ಲಿ ಬೆರಳಚ್ಚು. ಶುಲ್ಕ ಸುಮಾರು 12 ಯೂರೊ. ಅಲ್ಲಿನವರ ಗುರುತಿನ ಚೀಟಿಗೆ ತಗಲೋದಕ್ಕಿಂತ ಜಾಸ್ತಿ ನಮ್ಮಿಂದ ತೆಗೆದುಕೊಳ್ಳುವ ಹಾಗಿಲ್ಲ. ಫೋಟೊ ಮಾತ್ರ ಅಲ್ಲೇ ತೆಗೆಸಿ, ಅವರ ಅಳತೆ ನಮ್ಮ ಪಾಸ್‌ಪೋರ್ಟ್ ಫೋಟೊಗಿಂತ ಚಿಕ್ಕದು.

ಕಾರ್ಡ್ ಐದು ವರ್ಷಕ್ಕೆ. ಕೆಲಸಕ್ಕೆ ಸೇರೋಕೆ ಬೇರೆ ಪರವಾನಗಿ ಬೇಡ. ಐದು ವರ್ಷ ಬಿಡದೆ ವಾಸ ಇದ್ದರೆ ಕಾಯಂ ವಾಸದ ಹಕ್ಕು. ಆದರೆ ಊರಿಗೆ ಹೋಗಿ ಬರೋದರಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಬೇಕು. ವರ್ಷಕ್ಕೆ ಒಟ್ಟು ಆರು ತಿಂಗಳಿಗಿಂತ ಹೆಚ್ಚು ಹೊರಗಿರಬಾರದು. ಹೆರಿಗೆ, ದೊಡ್ಡ ಕಾಯಿಲೆಯಂಥ ಕಾರಣಕ್ಕೆ ಒಂದು ಸಲ ಮಾತ್ರ ಹನ್ನೆರಡು ತಿಂಗಳವರೆಗೆ ಅವಕಾಶ ಇದೆ. ಮೈಸೂರಿಗೆ ಬಂದು ಹೋದ ಪ್ರತಿ ಸಲದ ಟಿಕೆಟ್, ಬೋರ್ಡಿಂಗ್ ಪಾಸ್ ಎಲ್ಲವನ್ನೂ ರೆಸ್ಗ್ವಾರ್ದೊ ಇಟ್ಟಿರೋ ಫೈಲಿನಲ್ಲೇ ಹಾಕಿಡುತ್ತೇನೆ. ಕಾಯಂ ಕಾರ್ಡಿಗೆ ಅರ್ಜಿ ಹಾಕುವಾಗ ಎಷ್ಟು ದಿನ ಹೊರಗಿದ್ದಿರಿ ಅಂತ ಕೇಳಿದರೆ ತೋರಿಸಬೇಕಲ್ಲ.